ಘಟ್ಟದ ಇಳಿಜಾರಿನ ವಿಚಾರವಾಗಿ ಅಳಿಯನಿಗೆ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವೆಲ್ಲರೂ ಕ್ಷೇಮವಾಗಿದ್ದೇವೆ, ನಿನ್ನ ಕ್ಷೇಮಸಮಾಚಾರವನ್ನು ಆಗಾಗ ಬರೆಯುತ್ತಿರು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿಮ್ಮ ಹಲವು ದಿನಗಳ ಸೈಕಲ್ ರೇಸಿನಲ್ಲಿ ಮುಂದಿನ ವಾರದ ಪರ್ವತ ಹಂತದ ದಿನ, ಅಂದರೆ ಘಟ್ಟ ಹತ್ತಿ ಇಳಿಯುವ ದಿನದ ಓಟದಂದು, ಅತಿ ಎತ್ತರದ ಘಟ್ಟದಲ್ಲಿ ಹಿಮ ಬೀಳುವ ಮುನ್ಸೂಚನೆಯಿದೆಯೆಂದೂ, ಸಂಘಟಕರ ಮುಂದೆ ಮಾತಾಡಲು ಸವಾರರೆಲ್ಲ ಸೇರಿ ನಿನ್ನನ್ನೇ ಮುಂದೆ ಮಾಡಿದ್ದಾರೆಂದೂ, ಆದರೆ ಹಂತವನ್ನು ಮೊಟಕುಗೊಳಿಸಿ ಎಂದು ಕೇಳಿದರೆ ಪುಕ್ಕಲನೆನಿಸಿಕೊಳ್ಳಬೇಕಾದೀತೆಂಬ ಅಳುಕು ಕಾಡುತ್ತಿದೆಯೆಂದೂ ಬರೆದಿದ್ದೀಯೆ. ವೃತ್ತಿಪರ ತಂಡ ಸೇರಿ ಎರಡೇ ವರ್ಷವಾದ ಹುಡುಗನ ಹೆಗಲಿಗೆ ಹಿರಿಯ ಸವಾರರು ಈ ಹೊರೆ ಹೊರಿಸಿದ್ದು ನನಗೆ ಅಷ್ಟೇನೂ ಹಿಡಿಸಲಿಲ್ಲ. ಒಪ್ಪಿಕೊಂಡಾಗಿದೆ, ಇರಲಿ. ನಾನು ಹೇಳುವುದು ಇಷ್ಟೇ: ಅಲ್ಲಿ ಚಳಿಯ ಮಾತು ಎತ್ತಬೇಡ, ಇಳಿಜಾರಿನ ಮಾತು ಎತ್ತು, ಆ ಮಾತನ್ನು ಹೊರಡುವ ಬೆಳಿಗ್ಗೆಗೆ ಉಳಿಸಿಕೊಳ್ಳದೆ ಹಿಂದಿನ ಸಂಜೆಯೇ ಆಡಿ ಮುಗಿಸು.

ಚಳಿಯಾಗುತ್ತದೆ ಎಂದರೆ ಮನೆಯಲ್ಲಿ ಟೀವಿ ಮುಂದೆ ಕೂತವರೂ ನಗುತ್ತಾರೆ. ಘಟ್ಟ ಹತ್ತುವಾಗ ಮೈಯೇ ಒಲೆಯಾಗಿರುತ್ತದೆ, ವೇಗವೂ ಕಡಿಮೆ, ಹಿಮ ಬಿದ್ದರೂ ಹೇಗೋ ನಡೆಯುತ್ತದೆ. ನೆತ್ತಿ ದಾಟಿದ ಮರುಕ್ಷಣ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಬೆವರಿನಲ್ಲಿ ತೊಯ್ದ ಬಟ್ಟೆ, ಕೆಲಸ ನಿಲ್ಲಿಸಿದ ಕಾಲುಗಳು, ಎದುರಿಗೆ ಗಂಟೆಗೆ 60 ಕಿ.ಮೀ. ಗಾಳಿ. ಎತ್ತರ ಪ್ರತಿ 1,000 ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆಯೆಂಬುದು ನಿನಗೆ ಗೊತ್ತೇ ಇದೆ. ಹೊರಡುವ ಊರಿನಲ್ಲಿ 12 ಡಿಗ್ರಿ ಇದ್ದರೆ 1,500 ಮೀಟರ್ ಮೇಲಿನ ನೆತ್ತಿಯಲ್ಲಿ 2 ಡಿಗ್ರಿ. ಆ 2 ಡಿಗ್ರಿ 60 ಕಿ.ಮೀ. ವೇಗದಲ್ಲಿ ಒಣ ಚರ್ಮಕ್ಕೇ ಮೈನಸ್ 6ರಂತೆ ತಾಗುತ್ತದೆ. ಒದ್ದೆ ಚರ್ಮದ ಪಾಡು ಇನ್ನೂ ಕೆಟ್ಟದ್ದು. ಅದರಲ್ಲೂ ಘಟ್ಟ ಹತ್ತುವುದರಲ್ಲಿ ಗಟ್ಟಿಗರಾದ ನಿಮ್ಮಂಥವರ ಮೈಮೇಲೆ ಚಳಿ ತಡೆಯಲು ಕೊಬ್ಬಾದರೂ ಎಲ್ಲಿದೆ?

ನನ್ನ ರೇಸಿನ ದಿನಗಳಲ್ಲಿ ಒಮ್ಮೆ ಮಳೆಯಲ್ಲಿ ಘಟ್ಟ ಹತ್ತಿ, ಜೇಬಿನಲ್ಲಿದ್ದ ಜಾಕೆಟ್ ಹಾಕಿಕೊಳ್ಳಲು ಅರ್ಧ ನಿಮಿಷ ದಂಡವಾದೀತೆಂದು ಹಾಗೆಯೇ ಇಳಿದುಬಿಟ್ಟೆ. ನಾಲ್ಕೈದು ತಿರುವು ದಾಟುವಷ್ಟರಲ್ಲಿ ಬ್ರೇಕ್ ಲಿವರ್ ಮೇಲೆ ಬೆರಳು ಇದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ತಿಳಿಯಬೇಕಾಯಿತು. ಎರಡು ಬೆರಳಿನಲ್ಲಿ ಒತ್ತುವ ಬ್ರೇಕನ್ನು ಇಡೀ ಮುಷ್ಟಿಯಿಂದ ಎಳೆದರೂ ಎಷ್ಟು ಒತ್ತಿದೆನೆಂಬುದು ತಿಳಿಯುತ್ತಿರಲಿಲ್ಲ. ಹಲ್ಲು ಕಡಿಯುವ ನಡುಕ ತೋಳಿಗೆ ಇಳಿದು, ತೋಳಿನಿಂದ ಹ್ಯಾಂಡಲಿಗೆ ಇಳಿದು, ನೇರ ರಸ್ತೆಯಲ್ಲೂ ಮುಂದಿನ ಚಕ್ರ ಅದುರುತ್ತಿತ್ತು. ಕೆಳಗೆ ಬಂದು ನಿಂತ ಮೇಲೆ ಹೆಲ್ಮೆಟ್ಟಿನ ಬಕಲ್ ಬಿಚ್ಚಲು ನನ್ನಿಂದಾಗಲಿಲ್ಲ. ಪರಿಚಯವೇ ಇಲ್ಲದ ಒಬ್ಬ ಹೆಂಗಸು ಗದ್ದ ಹಿಡಿದೆತ್ತಿ, ಮಗುವಿಗೆ ಬಿಚ್ಚುವಂತೆ ಬಿಚ್ಚಿಕೊಟ್ಟರು. ಅವರು ಕೊಟ್ಟ ಚಹಾದಲ್ಲಿ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಅಂದು ನಾನು ಬೀಳದಿದ್ದುದು ಅದೃಷ್ಟವೇ ಹೊರತು ಚಾತುರ್ಯವೇನಲ್ಲ. ಈ ಸಂಗತಿ ನಿನ್ನ ತಾಯಿಗೆ ಇಂದಿಗೂ ತಿಳಿಯದು, ನೀನೂ ಹೇಳಬೇಡ.

ನಿನಗೆ ಎದುರುತ್ತರವಾಗಿ 1988ರ ಗಾವಿಯಾ ಘಟ್ಟವನ್ನು ಎತ್ತಿ ತೋರಿಸುವವರು ಇದ್ದೇ ಇರುತ್ತಾರೆ. ಜೂನ್ 5ರಂದು ಇಟಲಿಯ ಜಿರೋ ರೇಸು 2,600 ಮೀಟರಿಗೂ ಎತ್ತರದ ಆ ಘಟ್ಟವನ್ನು ಹಿಮದ ನಡುವೆಯೇ ದಾಟಿತು. ಅಮೆರಿಕದ ಆ್ಯಂಡಿ ಹ್ಯಾಂಪ್‌ಸ್ಟನ್ ಅಂದು ಒಟ್ಟು ಸಮಯದಲ್ಲಿ ಮುಂದಿರುವವನ ಗುರುತಾದ ಗುಲಾಬಿ ಜೆರ್ಸಿ ತೊಟ್ಟು, ಕೊನೆಗೆ ಜಿರೋವನ್ನೇ ಗೆದ್ದ. ಆ ಕಥೆಯನ್ನು ಸಾಹಸದ ಕಥೆಯಾಗಿ ಹೇಳುವವರು ಅದರ ಇನ್ನೊಂದು ಪುಟವನ್ನು ಮಡಿಚಿಡುತ್ತಾರೆ. ನೆತ್ತಿಯನ್ನು ಮೊದಲು ದಾಟಿದವನು ಹಾಲೆಂಡಿನ ಯೋಹಾನ್ ವಾನ್ ಡರ್ ವೆಲ್ಡೆ, ಅದೂ ತುಂಡು ತೋಳಿನ ಜೆರ್ಸಿಯಲ್ಲಿ. ಇಳಿಜಾರಿನಲ್ಲಿ ಮೈ ಮರಗಟ್ಟಿ, ಆಸರೆ ಹುಡುಕಿ ನಿಂತು, ಮುಕ್ತಾಯದ ಊರಾದ ಬೊರ್ಮಿಯೊ ತಲುಪುವಷ್ಟರಲ್ಲಿ ಅವನು ಸುಮಾರು 47 ನಿಮಿಷ ಹಿಂದೆ ಬಿದ್ದಿದ್ದ. ಹ್ಯಾಂಪ್‌ಸ್ಟನ್‌ನ ತಂಡವಾದರೋ ಹಿಮಕ್ರೀಡೆಯ ದಪ್ಪ ಗ್ಲೌಸು, ಉಣ್ಣೆ ಟೋಪಿಗಳನ್ನು ಮುಂಚಿತವಾಗಿಯೇ ಕೊಂಡಿಟ್ಟುಕೊಂಡಿತ್ತು. ಅದೇ ಘಟ್ಟ, ಅದೇ ಹಿಮ. ಎದೆಗಾರಿಕೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಡಿಮೆಯಿರಲಿಲ್ಲ. ಯಾರಾದರೂ ಗಾವಿಯಾದ ಹೆಸರೆತ್ತಿದರೆ ಗ್ಲೌಸಿನ ಕಥೆಯನ್ನೂ ಪೂರ್ತಿ ಹೇಳಿಬಿಡು.

ಇನ್ನು ಹಿಂದಿನ ಸಂಜೆ ಎಂದು ಏಕೆ ಒತ್ತಿ ಹೇಳಿದೆನೆಂದರೆ, ಈ ವಿಷಯದಲ್ಲಿ ನಾನು ಕಂಡ ಅನ್ಯಾಯಗಳಲ್ಲಿ ಮುಕ್ಕಾಲುಪಾಲು ಹುಟ್ಟಿದ್ದು ತಡವಾದ ನಿರ್ಧಾರದಿಂದ. 2013ರ ಜಿರೋದಲ್ಲಿ ಗಾವಿಯಾ, ಸ್ಟೆಲ್ವಿಯೊ ಘಟ್ಟಗಳೆರಡನ್ನೂ ಹಿಮ ಮುಚ್ಚಿದಾಗ ಓಟ ಶುರುವಾಗುವ ಮೊದಲೇ 19ನೆಯ ಹಂತವನ್ನೇ ರದ್ದು ಮಾಡಿದರು. ಬೇಸರಪಟ್ಟರೇ ಹೊರತು ಮೋಸ ಹೋದೆವೆಂದು ಯಾರೂ ಅನ್ನಲಿಲ್ಲ. ಮರುವರ್ಷ ಅದೇ ಹಾದಿಯನ್ನು ಮತ್ತೆ ಇಟ್ಟರು, ಮತ್ತೆ ಹಿಮ ಬಿತ್ತು. ಈ ಸಲ ರೇಸು ನಡೆಯುತ್ತಿದ್ದಾಗಲೇ, ಸ್ಟೆಲ್ವಿಯೊದ 2,750 ಮೀಟರ್ ಮೀರಿದ ನೆತ್ತಿಯ ಹತ್ತಿರ, ಇಳಿಜಾರಿನ ಮೊದಲ ಭಾಗದಲ್ಲಿ ಕೆಂಪು ಬಾವುಟದ ಮೋಟಾರ್‌ಸೈಕಲ್‌ಗಳು ಮುಂದಿರುತ್ತವೆಂಬ ಸೂಚನೆ ರೇಡಿಯೊದಲ್ಲಿ ಬಂತು. ಅಲ್ಲಿ ಸ್ಪರ್ಧೆಗೆ ವಿರಾಮವೆಂದು ಕೆಲವು ತಂಡಗಳು ತಿಳಿದವು, ಬರೀ ಎಚ್ಚರಿಕೆಯೆಂದು ಕೆಲವು ತಿಳಿದವು. ಕೊಲಂಬಿಯಾದ ನಾಯ್ರೊ ಕಿಂಟಾನಾ ಮುಂದೆ ಹೋಗಿ ಹಂತವನ್ನೂ ಗೆದ್ದ, ತನ್ನ ದೇಶದವನೇ ಆದ ರಿಗೊಬೆರ್ತೊ ಉರಾನ್‌ನಿಂದ ಗುಲಾಬಿ ಜೆರ್ಸಿಯನ್ನೂ ಪಡೆದ. ಕಿಂಟಾನಾ ತಪ್ಪು ಮಾಡಿದನೆಂದು ನನಗನ್ನಿಸುವುದಿಲ್ಲ, ಆ ವರ್ಷ ಅವನೇ ಬಲಿಷ್ಠನೂ ಆಗಿದ್ದ; ಆದರೂ ಆ ಗೆಲುವಿನ ಮಾತು ಬಂದಾಗಲೆಲ್ಲ ಸ್ಟೆಲ್ವಿಯೊದ ಗೊಂದಲವೂ ಜೊತೆಗೇ ಬರುತ್ತದೆ.

ಇಂಥ ಗೊಂದಲಗಳ ನಂತರವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ತೀವ್ರ ಹವಾಮಾನದ ನಿಯಮಾವಳಿಯನ್ನು ತಂದದ್ದು. ಹಿಮ, ಹೆಪ್ಪುಗಟ್ಟುವ ಮಳೆ, ಬಿರುಗಾಳಿ, ಮಂಜು ಕವಿದು ಕಣ್ಣು ಕಾಣದಿರುವುದು ಮೊದಲಾದ ಸಂದರ್ಭಗಳಲ್ಲಿ ಸಂಘಟಕರು, ತೀರ್ಪುಗಾರರ ಮುಖ್ಯಸ್ಥರು, ರೇಸಿನ ವೈದ್ಯರು, ತಂಡಗಳ ಮತ್ತು ಸವಾರರ ಪ್ರತಿನಿಧಿಗಳು ಕೂಡಿ ಕೂತು ಮಾತಾಡಬೇಕೆಂದು ಅದು ಹೇಳುತ್ತದೆ. ಹೊರಡುವ ಜಾಗ ಬದಲಿಸಬಹುದು, ವೇಳೆ ಬದಲಿಸಬಹುದು, ಬೇರೆ ದಾರಿ ಹಿಡಿಯಬಹುದು, ಒಂದು ಭಾಗವನ್ನು ಸ್ಪರ್ಧೆಯಿಂದ ಹೊರಗಿಡಬಹುದು, ರದ್ದೂ ಮಾಡಬಹುದು, ಏನೂ ಮಾಡದೆಯೂ ಇರಬಹುದು. ಆದರೆ ಇಂತಿಷ್ಟು ಡಿಗ್ರಿಗೆ ನಿಲ್ಲಿಸತಕ್ಕದ್ದು ಎಂಬ ಗೆರೆಯನ್ನು ಅದು ಎಳೆದುಕೊಟ್ಟಿಲ್ಲ. ಆ ಗೆರೆ ಎಳೆಯುವ ಕೆಲಸ ಆ ಕೋಣೆಯಲ್ಲಿ ಕೂತವರ ಪಾಲಿಗೆ ಬರುತ್ತದೆ, ಈ ಸಲ ಅವರಲ್ಲಿ ನೀನೂ ಒಬ್ಬ. ಆದ್ದರಿಂದ ವೈದ್ಯರ ಪಕ್ಕದಲ್ಲಿ ಕೂರು. ನಿನ್ನ ಬಾಯಿಂದ ಅಳಲಾಗಿ ಕೇಳುವ ಮಾತು ಅವರ ಬಾಯಿಂದ ಬಂದರೆ ವೈದ್ಯಕೀಯ ಸಲಹೆಯಾಗುತ್ತದೆ.

ಮೊಟಕುಗೊಳಿಸಿ ಎಂದು ಸುಮ್ಮನೆ ಕೇಳಿದರೆ ಮಾತ್ರ ಸಾಲದು, ಯಾವ ತುಂಡನ್ನು ತೆಗೆಯಬೇಕೆಂಬುದನ್ನು ನೀನೇ ಹೇಳಬೇಕು. 2023ರ ಜಿರೋದಲ್ಲಿ ಕ್ರಾನ್ಸ್-ಮೊಂಟಾನಾ ಹಂತ ಸುಮಾರು 200 ಕಿ.ಮೀ. ಇದ್ದದ್ದು 75 ಕಿ.ಮೀ.ಗೂ ಕಡಿಮೆಯಾಯಿತು. ಸವಾರರು ಬಹುಮತದಿಂದ ಕೇಳಿದರು, ಬಸ್ಸಿನಲ್ಲಿ ಘಟ್ಟದಾಚೆ ಹೋದರು. ಆದರೆ ಕೊನೆಗೆ ಉಳಿಸಿಕೊಂಡದ್ದು ಕ್ರ್ವಾ ದ ಕೂರ್ ಘಟ್ಟವನ್ನು, ಅಂದರೆ ಅಂದಿನ ದಾರಿಯಲ್ಲಿ ಅತಿ ತೊಡಕಿನ ಇಳಿಜಾರಿರುವುದನ್ನೇ! ಅಷ್ಟು ಹೊತ್ತಿಗೆ ಹವೆ ಹೆದರಿದ್ದಷ್ಟು ಕೆಡಲಿಲ್ಲವಾದ್ದರಿಂದ ಇಳಿಜಾರು ಸುಸೂತ್ರವಾಗಿ ಸಾಗಿತು, ಬೈಗುಳ ಮಾತ್ರ ಸವಾರರ ಪಾಲಿಗೆ ಬಂತು. ಅವರ ಭಯ ಸುಳ್ಳಾಗಿತ್ತೆಂದು ನಾನು ಹೇಳಲಾರೆ. ಅವರ ಕೇಳಿಕೆಯೊಳಗೆ ತರ್ಕ ಸಡಿಲವಾಗಿತ್ತು, ಅಷ್ಟೇ. ನೀನು ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಇಂಥ ನೆತ್ತಿಯಿಂದ ಇಂಥ ಊರಿನವರೆಗಿನ ಇಷ್ಟು ಕಿಲೋಮೀಟರ್ ಎಂದು ಬೆರಳಿಟ್ಟು ತೋರಿಸು. ಉಳಿದದ್ದನ್ನೆಲ್ಲ ಓಡಿಸುತ್ತೇವೆಂದು ಮೊದಲೇ ಹೇಳಿಬಿಡು.

ಒಂದು ಕಡೆ ಕತ್ತರಿಸಿದರೆ ಇನ್ನೊಂದು ಕಡೆ ಉಬ್ಬುತ್ತದೆ ಎಂಬುದಕ್ಕೆ 2016ರ ಟೂರ್ ದ ಫ್ರಾನ್ಸ್ ನೋಡು. ಮೊಂಟ್ ವೆಂಟೂ ಪರ್ವತದ ತುದಿಯಲ್ಲಿ ಬಿರುಗಾಳಿಯಿದ್ದುದರಿಂದ ಮುಕ್ತಾಯದ ಗೆರೆಯನ್ನು 6 ಕಿ.ಮೀ. ಕೆಳಗೆ, ಶಲೇ ರೆನಾರ್ ಎಂಬಲ್ಲಿಗೆ ತಂದರು. ಹಿಂದಿನ ದಿನವೇ ತೀರ್ಮಾನವಾಗಿತ್ತು, ಸರಿಯಾದ ತೀರ್ಮಾನವೂ ಹೌದು. ಆದರೆ ಮೇಲೆ ಹರಡಿಕೊಳ್ಳಬೇಕಿದ್ದ ಜನಸಾಗರವೆಲ್ಲ ಕೆಳಗಿನ ರಸ್ತೆಗೆ ಬಂದು ಕಿಕ್ಕಿರಿಯಿತು. ಮುಂದಿದ್ದ ಮೋಟಾರ್‌ಸೈಕಲ್ಲಿಗೆ ದಾರಿ ಸಿಗದೆ ಅದು ನಿಂತಾಗ ರಿಚಿ ಪೋರ್ಟ್ ಅದಕ್ಕೆ ಗುದ್ದಿದ; ಹಿಂದೆಯೇ ಬಿದ್ದ ಕ್ರಿಸ್ ಫ್ರೂಮ್, ಸೈಕಲ್ ಮುರಿದುಹೋಗಿ, ಟೂರಿನಲ್ಲಿ ಮುಂದಿರುವವನು ತೊಡುವ ಹಳದಿ ಜೆರ್ಸಿಯಲ್ಲಿಯೇ ಘಟ್ಟದ ಮೇಲೆ ಓಡತೊಡಗಿದ. ಆದ್ದರಿಂದ ಗೆರೆಯನ್ನು ಕೆಳಗೆ ತರುವ ಮಾತು ಬಂದರೆ, ಜನರನ್ನು ಎಲ್ಲಿ ನಿಲ್ಲಿಸುತ್ತೀರಿ, ತಡೆಬೇಲಿ ಎಲ್ಲಿಂದ ಶುರುವಾಗುತ್ತದೆ ಎಂದು ಮರುಪ್ರಶ್ನೆ ಹಾಕು.

ನಿನ್ನ ಕಾಗದದಲ್ಲಿ ಒಂದು ಸಾಲು ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚಿತು. ಆ ಘಟ್ಟ ಹೋದರೆ ನಿಮ್ಮ ತಂಡದ ನಾಯಕನಿಗೆ ಅನುಕೂಲ ಎಂದು ಬರೆದಿದ್ದೀಯೆ. ಇದನ್ನು ನಿನ್ನ ಮನಸ್ಸಿನಲ್ಲಿ ಮೊದಲು ಬೇರೆ ಇಟ್ಟುಕೋ. 1984ರಲ್ಲಿ ಹಿಮದ ಕಾರಣ ಕೊಟ್ಟು ಜಿರೋದಿಂದ ಸ್ಟೆಲ್ವಿಯೊವನ್ನು ಕೈಬಿಟ್ಟಾಗ, ಘಟ್ಟ ಹತ್ತುವುದರಲ್ಲಿ ಮೇಲುಗೈಯಾಗಿದ್ದ ಫ್ರಾನ್ಸಿನ ಲೊರಾಂ ಫಿನ್ಯೋನನ್ನು ತಡೆದು ಇಟಲಿಯವನೇ ಆದ ಫ್ರಾನ್ಚೆಸ್ಕೊ ಮೊಸೆರ್‌ಗೆ ನೆರವಾಗಲು ಹಾಗೆ ಮಾಡಿದರೆಂಬ ಗುಮಾನಿ ಹುಟ್ಟಿತು. 40 ವರ್ಷ ಕಳೆದರೂ ಅದು ಸತ್ತಿಲ್ಲ. ನಿನ್ನ ನಾಯಕನಿಗೆ ನಷ್ಟವಾಗುವ ಹಾಗಿದ್ದರೂ ಇದೇ ಮಾತು ಆಡುತ್ತಿದ್ದೆಯಾ ಎಂದು ಕೇಳಿಕೊಂಡು, ಹೌದೆನ್ನಿಸಿದರೆ ಮಾತ್ರ ಆ ಕೋಣೆಗೆ ಹೋಗು. ಎದುರಾಳಿ ತಂಡದ ಒಬ್ಬ ಸವಾರನನ್ನೂ ಜೊತೆಗೆ ಕರೆದುಕೊಂಡು ಹೋಗುವುದು ಇನ್ನೂ ಒಳ್ಳೆಯದು. ಹತ್ತುವವನಿಗೆ ಆಗುವ ನಷ್ಟವೂ ಸಣ್ಣದಲ್ಲ: ವರ್ಷವಿಡೀ ಆ ಒಂದು ಘಟ್ಟಕ್ಕೆಂದೇ ಮೈ ಹುರಿಗೊಳಿಸಿದವನಿಗೆ ಅದನ್ನು ಬೆಳಗಾಗುವುದರೊಳಗೆ ಇಲ್ಲವೆಂದರೆ ಹೇಗಿದ್ದೀತು? ಅಂಥವರ ಹತ್ತಿರ ನೀನೇ ಹೋಗಿ ಮೊದಲು ಮಾತಾಡು.

ಎಷ್ಟೇ ಮುಂದಾಲೋಚನೆ ಮಾಡಿದರೂ ಕೈಮೀರುವ ದಿನಗಳಿವೆ. 2019ರ ಜುಲೈ 26ರಂದು ಟೂರ್ ಸವಾರರು ಇಜರಾನ್ ಘಟ್ಟವನ್ನು ದಾಟಿ ಇಳಿಯುತ್ತಿದ್ದಾಗ, ಮುಂದಿನ ಕಣಿವೆಯಲ್ಲಿ ಆಲಿಕಲ್ಲು ಸುರಿದು ಮಣ್ಣು ಕುಸಿದು ರಸ್ತೆಯೇ ಮುಚ್ಚಿಹೋಯಿತು. ಓಡುತ್ತಿದ್ದವರನ್ನು ನಿಲ್ಲಿಸಿ, ನೆತ್ತಿಯಲ್ಲಿ ದಾಖಲಾಗಿದ್ದ ಸಮಯವನ್ನೇ ಲೆಕ್ಕಕ್ಕೆ ಹಿಡಿದರು. ಈಗಾನ್ ಬೆರ್ನಾಲ್ ಹಳದಿ ಜೆರ್ಸಿ ತೊಟ್ಟ, ಜೂಲಿಯಾನ್ ಆಲಫಿಲಿಪ್ ಕಳೆದುಕೊಂಡ. ಹಂತಕ್ಕೆ ಗೆದ್ದವನೇ ಇಲ್ಲ. ಮರುದಿನದ 130 ಕಿ.ಮೀ. ಹಂತವೂ 59.5 ಕಿ.ಮೀ.ಗೆ ಇಳಿಯಿತು. ಹಾಗಾಗಿ ರೇಸಿನ ನಡುವೆ ನಿಲ್ಲಿಸಬೇಕಾಗಿ ಬಂದರೆ ಸಮಯವನ್ನು ಎಲ್ಲಿ ಹಿಡಿಯುತ್ತೀರೆಂದು ಸಂಜೆಯೇ ಕೇಳಿ ಬರೆಸಿಕೋ. ಬರವಣಿಗೆಯಲ್ಲಿ, ಎಲ್ಲ ತಂಡದ ಕಾರುಗಳಿಗೂ ಒಂದೇ ಒಕ್ಕಣೆಯಲ್ಲಿ.

ಅವರು ಒಪ್ಪದೆ ಪೂರ್ತಿ ಹಂತ ಓಡಿಸುವುದೆಂದೇ ಆದರೆ ಮುನಿಸಿಕೊಳ್ಳದೆ ಓಡು. ನೆತ್ತಿಯ ಹತ್ತಿರ ಒಣ ಗ್ಲೌಸು, ದಪ್ಪ ಜಾಕೆಟ್, ಬಿಸಿ ಚಹಾ ಹಿಡಿದು ನಿಲ್ಲಲು ತಂಡದವರೊಬ್ಬರನ್ನು ಗೊತ್ತುಮಾಡು. ನೆತ್ತಿಗಿಂತ 1 ಕಿ.ಮೀ. ಮುಂಚೆ ನಿಲ್ಲಲಿ, ಹತ್ತುವ ವೇಗದಲ್ಲಿದ್ದಾಗಲೇ ತೊಟ್ಟುಕೊಳ್ಳಲಾದೀತು. ಗ್ಲೌಸು ಒಂದು ಅಳತೆ ದೊಡ್ಡದಿರಲಿ, ಒದ್ದೆ ಕೈ ಸಲೀಸಾಗಿ ಒಳಗೆ ಹೋಗಬೇಕು. ಅರ್ಧ ನಿಮಿಷ ಹೋದರೆ ಹೋಗಲಿ. ಅಲ್ಲಿ ಯಾರು ನಿಲ್ಲುತ್ತಾರೆ, ಸಭೆ ಎಷ್ಟು ಹೊತ್ತಿಗೆ ಎಂಬುದನ್ನು ಗೊತ್ತಾದ ಕೂಡಲೇ ನನಗೆ ತಿಳಿಸು.

ಇಂತಿ ನಿನ್ನ ಪ್ರೀತಿಯ,
ಮಾವ