ಡೆವೋನಿಯನ್ ಚರ್ಚೆ: ಸದಸ್ಯರ ಗಮನಕ್ಕೆ

ಗೆಳೆಯರೇ, ನಿನ್ನೆಯಿಂದ ಡೆವೋನಿಯನ್ ಯುಗ ನಿಜಕ್ಕೂ ಅಷ್ಟು ಹಳೆಯದೇ, ಭೂಮಿಗೆ ವಯಸ್ಸೆಷ್ಟು ಅಂತ ಮೆಸೇಜ್‌ಗಳು ಜಾಸ್ತಿಯಾಗಿವೆ, ಬಿಸಿಯೂ ಏರಿದೆ. ಅದಕ್ಕೇ ಈ ಸೂಚನೆ.

ಡೆವೋನಿಯನ್ ಅಂದರೆ ಸುಮಾರು 41.9 ಕೋಟಿಯಿಂದ 35.9 ಕೋಟಿ ವರ್ಷಗಳ ಹಿಂದಿನ ಕಾಲ. 1839ರಲ್ಲಿ ಇದಕ್ಕೆ ಹೆಸರಿಟ್ಟವರು ಭೂವಿಜ್ಞಾನಿಗಳಾದ ಸೆಡ್ಜ್‌ವಿಕ್ ಮತ್ತು ಮರ್ಚಿಸನ್. ತಮಾಷೆ ನೋಡಿ, ಸೆಡ್ಜ್‌ವಿಕ್ ಒಬ್ಬ ಪಾದ್ರಿ. ಡಾರ್ವಿನ್ನನ ವಿಕಾಸವಾದವನ್ನು ಅವರು ಕೊನೆವರೆಗೂ ಒಪ್ಪಲಿಲ್ಲ. ಆದರೂ ಭೂಮಿ ಬಹಳ ಹಳೆಯದು ಅನ್ನುವುದನ್ನು ಒಪ್ಪಿದ್ದರು!

ಹಾಗಾಗಿ 'ಸೃಷ್ಟಿವಾದಿಗಳೆಲ್ಲ (ಜಗತ್ತನ್ನು ದೇವರೇ ಸೃಷ್ಟಿಸಿದ ಅನ್ನುವವರು) ಒಂದೇ' ಅಂತ ಸುಮ್ನೆ ಬರೆಯಬೇಡಿ. ಅವರಲ್ಲೇ ಜಗಳವಿದೆ. ಒಂದು ಗುಂಪು ಬೈಬಲಿನ ವಂಶಾವಳಿ ಲೆಕ್ಕ ಹಾಕಿ ಭೂಮಿಗೆ 6,000 ವರ್ಷ ಅನ್ನುತ್ತದೆ. ಆರ್ಚ್‌ಬಿಷಪ್ ಅಶರ್ ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಅಂತಲೇ ಹೇಳಿದ್ದರು. ಇನ್ನೊಂದು ಗುಂಪು ಸೃಷ್ಟಿಯ ಒಂದೊಂದು ದಿನವೂ ಒಂದು ದೀರ್ಘ ಯುಗ ಅನ್ನುತ್ತದೆ. ಭೂಮಿಗೆ 454 ಕೋಟಿ ವರ್ಷ ಅನ್ನುವ ವಿಜ್ಞಾನದ ಲೆಕ್ಕ ಅವರಿಗೆ ತೊಂದರೆಯೇ ಅಲ್ಲ.

ವಾದಕ್ಕಿಂತ ಹವಳ ನೋಡಿ. ಹವಳದ ಮೇಲೆ ದಿನಕ್ಕೊಂದು ಸಣ್ಣ ಗೆರೆ ಬೆಳೆಯುತ್ತದೆ, ಕೂದಲಿಗಿಂತ ತೆಳ್ಳಗೆ. 1963ರಲ್ಲಿ ಪಳೆಯುಳಿಕೆ ತಜ್ಞ ಜಾನ್ ವೆಲ್ಸ್ ಡೆವೋನಿಯನ್ ಹವಳಗಳಲ್ಲಿ ಅವನ್ನು ಎಣಿಸಿದರು. ವರ್ಷಕ್ಕೆ ಸುಮಾರು 400 ಬಂದವು! ಸಮುದ್ರದ ಉಬ್ಬರವಿಳಿತದಿಂದ ಭೂಮಿ ತಿರುಗುವ ವೇಗ ನಿಧಾನವಾಗಿ ತಗ್ಗುತ್ತಿದೆ. ಆಗ ದಿನ ಚಿಕ್ಕದಾಗಿತ್ತು, ಹಾಗಾಗಿ ವರ್ಷಕ್ಕೆ ದಿನಗಳು ಜಾಸ್ತಿ. ಬಂಡೆಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಅಂತ ನೋಡಿ ವಯಸ್ಸು ಹೇಳುವ ಲೆಕ್ಕಕ್ಕೂ ಇದು ಹೊಂದುತ್ತದೆ. ಎರಡು ಬೇರೆ ದಾರಿ, ಒಂದೇ ಉತ್ತರ. ನನಗಂತೂ ಇಷ್ಟು ಸಾಕು.

ಯಾರ ನಂಬಿಕೆಯನ್ನೂ ಗೇಲಿ ಮಾಡಬೇಡಿ. ಮೂಲವಿಲ್ಲದ ಫಾರ್ವರ್ಡ್‌ಗಳನ್ನು ಇವತ್ತು ರಾತ್ರಿಯಿಂದ ಅಳಿಸುತ್ತೇನೆ. ಹವಳದ ಗೆರೆ ಕಾಣುವ ಒಳ್ಳೆ ಫೋಟೋ ಇದ್ದರೆ ಹಾಕಿ.