ಹಾರ ಕಟ್ಟಿಕೊಟ್ಟ ಹೂವಮ್ಮನಿಗೆ

ಇಂದು ನಮ್ಮ ಮದುವೆಯ ವಾರ್ಷಿಕೋತ್ಸವ. ಅಂದು ಮೈಸೂರಿನ ಛತ್ರದಲ್ಲಿ ಅಂತರಪಟ ಹಿಡಿಯುವ ಹೊತ್ತು ಹತ್ತಿರವಾದರೂ ಹೇಳಿಟ್ಟಿದ್ದ ಹಾರಗಳು ಬಂದಿರಲಿಲ್ಲ. ಅಪ್ಪನ ಮುಖ ಬಾಡಿಹೋಗಿತ್ತು. ಸೋದರಮಾವ ಊರಿನ ದೇವರಾಜ ಮಾರುಕಟ್ಟೆಗೆ ಓಡಿದರು. ಹೂವಮ್ಮ, ಕೈಯಲ್ಲಿದ್ದ ಕೆಲಸವನ್ನು ಬದಿಗಿಟ್ಟು ನೀವು ಸುಗಂಧರಾಜದ ಬುಟ್ಟಿಯೊಂದಿಗೆ ಆಟೊ ಹತ್ತಿಯೇ ಬಿಟ್ಟಿರಿ. ದಾರಿಯುದ್ದಕ್ಕೂ ಕಟ್ಟಿದಿರಂತೆ. ಒದ್ದೆ ಬಾಳೆನಾರನ್ನು ಬೆರಳಿಗೆ ಸುತ್ತಿ ಕೊನೆಯ ಗಂಟು ಹಾಕಿದ್ದು ನನ್ನ ಕಣ್ಣೆದುರೇ. ಆಮೇಲೆ ನನ್ನ ಜಡೆಯತ್ತ ನೋಡಿ, ಬುಟ್ಟಿಯ ತಳದಿಂದ ಒಂದು ಮೊಳ ಮೈಸೂರು ಮಲ್ಲಿಗೆ ತೆಗೆದು ಮುಡಿಸಿದಿರಿ. “ಇದಕ್ಕೆ ದುಡ್ಡು ಬೇಡ, ತಾಯಿ” ಎಂದಿರಿ. ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರು ಆಗ ಸಡಿಲವಾಯಿತು. ಫೋಟೊಗಳಲ್ಲಿರುವ ನನ್ನ ನಗು ಅದೇ. ಅಮ್ಮ ಊಟಕ್ಕೆ ಕರೆಯಲು ಬರುವಷ್ಟರಲ್ಲಿ ಹೊರಟೇಹೋಗಿದ್ದಿರಿ, ಹೆಸರು ಕೇಳಲೂ ಆಗಲಿಲ್ಲ; ಅದಕ್ಕೇ ಹೂವಮ್ಮ ಎಂದು ಕರೆಯುತ್ತಿದ್ದೇನೆ. ನಿಮಗೆ ನಮ್ಮಿಬ್ಬರ ನಮಸ್ಕಾರ.