ಕೋಟಿ ಬೆಲೆಯ ಕಾರಿನ ಸುಂಕದಲ್ಲಿ ಕರ್ನಾಟಕದ ಪಾಲು: ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ ನಮಸ್ಕಾರ.

ನೀವು ದೇಶದ ಹಣಕಾಸು ಸಚಿವರು. 2016ರಿಂದ ರಾಜ್ಯಸಭೆಯಲ್ಲಿ ಕರ್ನಾಟಕದ ಸದಸ್ಯರೂ ಹೌದು. ನಾವು ಗೆಲ್ಲಿಸಿದ ಶಾಸಕರು ಮತ ಹಾಕಿ ನಿಮ್ಮನ್ನು ಅಲ್ಲಿಗೆ ಕಳಿಸಿದ್ದಾರೆ. ಆ ಎರಡನೇ ಸಂಬಂಧ ಹಿಡಿದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ವಿಷಯ ವಿದೇಶದಿಂದ ಬರುವ ದುಬಾರಿ ಕಾರುಗಳ ಸುಂಕ. ನಾನಾಗಲಿ, ನನ್ನ ಬೀದಿಯವರಾಗಲಿ ಅಂಥ ಕಾರು ಕೊಳ್ಳುವವರಲ್ಲ. ಆದರೆ ಅದನ್ನು ಕೊಳ್ಳುವವರು ಕಟ್ಟುವ ಸುಂಕದಲ್ಲಿ ನಮ್ಮ ರಾಜ್ಯಕ್ಕೂ ಒಂದು ಪಾಲಿದೆ. 2025ರ ಫೆಬ್ರವರಿ 1ರಂದು ನೀವು ಮಂಡಿಸಿದ ಬಜೆಟ್‌ನಲ್ಲಿ ಆ ಪಾಲು ಇಳಿಯಿತು. ಆ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ.

ಅವತ್ತು ಟಿವಿಯಲ್ಲಿ ಬಂದ ಸುದ್ದಿ, 'ಐಷಾರಾಮಿ ಕಾರುಗಳ ಸುಂಕ ಇಳಿಕೆ' ಅಂತ. 40 ಸಾವಿರ ಡಾಲರಿಗಿಂತ ಜಾಸ್ತಿ ಬೆಲೆಯ ಕಾರುಗಳ ಮೂಲ ಕಸ್ಟಮ್ಸ್ ಸುಂಕ ಶೇ. 70ಕ್ಕೆ ಬಂತು. ಅದಕ್ಕೆ ಮೊದಲು ಜಾರಿಯಲ್ಲಿದ್ದದ್ದು ಶೇ. 100. ಸ್ವಲ್ಪ ಹೊತ್ತಿಗೇ ಶೋರೂಮಿನವರು ಬೆಲೆ ಇಳಿಯುವುದಿಲ್ಲ ಅಂದರು. ಯಾಕೆಂದರೆ ಅದರ ಜೊತೆಗೇ ಶೇ. 40ರ ಕೃಷಿ ಮೂಲಸೌಕರ್ಯ ಸೆಸ್, ಅಂದರೆ ಒಂದು ನಿರ್ದಿಷ್ಟ ಕೆಲಸದ ಹೆಸರಿನಲ್ಲಿ ಎತ್ತುವ ತೆರಿಗೆ, ಬಂದಿತ್ತು. ಮೊದಲು ನೂರರ ಮೇಲೆ ಹತ್ತು ಸಮಾಜ ಕಲ್ಯಾಣ ಸರ್ಚಾರ್ಜ್ (ಸುಂಕದ ಮೇಲಿನ ಹೆಚ್ಚುವರಿ ಸುಂಕ) ಸೇರಿ 110 ಇತ್ತು. ಈಗ ಎಪ್ಪತ್ತಕ್ಕೆ ನಲವತ್ತು ಸೇರಿ ಅದೇ 110. ಕೊಳ್ಳುವವರಿಗೆ ಒಂದು ರೂಪಾಯಿಯೂ ವ್ಯತ್ಯಾಸವಿಲ್ಲ. ಎಲ್ಲರೂ ಅಲ್ಲಿಗೆ ಮಾತು ನಿಲ್ಲಿಸಿದರು.

ನನ್ನ ಪ್ರಶ್ನೆ ಶುರುವಾಗುವುದೇ ಅಲ್ಲಿಂದ. ಸಂವಿಧಾನದ 270ನೇ ವಿಧಿಯ ಪ್ರಕಾರ ಕೇಂದ್ರ ವಸೂಲಿ ಮಾಡುವ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲು ಕೊಡಬೇಕು. ಸೆಸ್ ಮತ್ತು ಸರ್ಚಾರ್ಜ್‌ನಲ್ಲಿ ಕೊಡಬೇಕಾಗಿಲ್ಲ. ಹಂಚುವ ಹಣದಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ ಶೇ. 41 ಬರುತ್ತದೆ. ಅದರೊಳಗೆ ಕರ್ನಾಟಕಕ್ಕೆ ಎಷ್ಟು ಅನ್ನುವುದು ಬೇರೆಯೇ ಜಗಳ, ಅದನ್ನು ಇಲ್ಲಿ ತರುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಜರ್ಮನಿಯಿಂದ ಒಂದು ಕಾರು ಬಂದರಿಗೆ ಬರುತ್ತದೆ. ವಿಮೆ, ಹಡಗಿನ ಬಾಡಿಗೆ ಸೇರಿ ಬೆಲೆ ಒಂದು ಕೋಟಿ ಅಂದುಕೊಳ್ಳಿ. ಹಳೆಯ ಲೆಕ್ಕದಲ್ಲಿ ಮೂಲ ಸುಂಕವೇ ಒಂದು ಕೋಟಿ. ವಸೂಲಿ ಖರ್ಚಿನ ಮಾತು ಬಿಟ್ಟರೆ ಅದರಲ್ಲಿ 41 ಲಕ್ಷ ರಾಜ್ಯಗಳ ಪಾಲು. ಹೊಸ ಲೆಕ್ಕದಲ್ಲಿ ಮೂಲ ಸುಂಕ 70 ಲಕ್ಷ. ರಾಜ್ಯಗಳ ಪಾಲು 28 ಲಕ್ಷ 70 ಸಾವಿರ. ಕಾರು ಅದೇ, ಕೊಳ್ಳುವವರು ಅವರೇ, ಅವರು ಕಟ್ಟಿದ ಒಟ್ಟು ಸುಂಕವೂ ಅದೇ 1 ಕೋಟಿ 10 ಲಕ್ಷ. ರಾಜ್ಯಗಳ ಕೈಯಿಂದ ಮಾತ್ರ ಒಂದೇ ಕಾರಿಗೆ 12 ಲಕ್ಷ 30 ಸಾವಿರ ಹೋಯಿತು, ಅದು ದೆಹಲಿಯ ಖಾತೆಯಲ್ಲೇ ಉಳಿಯಿತು.

ಒಂದು ವಸ್ತುವಿಗೆ ಒಂದಕ್ಕಿಂತ ಜಾಸ್ತಿ ಸೆಸ್ ಅಥವಾ ಸರ್ಚಾರ್ಜ್ ಹಾಕುವುದಿಲ್ಲ ಎಂದು ಅದೇ ಬಜೆಟ್ ಭಾಷಣದಲ್ಲಿ ನೀವು ಹೇಳಿದಿರಿ. ಕೇಳಲು ಚೆನ್ನಾಗಿತ್ತು. ಈ ಕಾರುಗಳ ವಿಷಯದಲ್ಲಿ ಆದದ್ದು ಏನು? ಹತ್ತರ ಸರ್ಚಾರ್ಜ್ ಹೋಯಿತು, ನಲವತ್ತರ ಸೆಸ್ ಬಂತು. ಆ ದಿನಗಳಲ್ಲಿ ಅಮೆರಿಕದ ಅಧ್ಯಕ್ಷರು ನಮ್ಮ ಕಾರು ಸುಂಕದ ಬಗ್ಗೆ ಪದೇಪದೇ ದೂರುತ್ತಿದ್ದರು. ಹೊರಗಿನವರಿಗೆ ನೂರರ ಬದಲು ಎಪ್ಪತ್ತು ಎಂದು ತೋರಿಸಬೇಕಾದ ಒತ್ತಡ ನಿಮಗಿತ್ತು ಅನ್ನಿಸುತ್ತದೆ. ಅದು ನನಗೆ ಅರ್ಥವಾಗುತ್ತದೆ. ಆದರೆ ಅದರ ಬೆಲೆಯನ್ನು ರಾಜ್ಯಗಳು ಯಾಕೆ ಕೊಡಬೇಕು?

ಇಂಥ ಕಾರು ವರ್ಷಕ್ಕೆ ಎಷ್ಟು ಬರುತ್ತವೆ, ಅದರಿಂದ ಏನು ಮಹಾ ನಷ್ಟ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ದೇಶದಲ್ಲಿ ಮಾರಾಟವಾಗುವ ಐಷಾರಾಮಿ ಕಾರುಗಳು ವರ್ಷಕ್ಕೆ ಸುಮಾರು 50 ಸಾವಿರ. ಅದರಲ್ಲೂ ಹೆಚ್ಚಿನವು ಇಲ್ಲೇ ಜೋಡಿಸಿದವು. ಆದರೆ ಈ ವಿಧಾನ ಕಾರಿಗೆ ಮಾತ್ರ ನಿಂತಿಲ್ಲ, ಅದಕ್ಕೇ ನನಗೆ ಚಿಂತೆ. 2021ರ ಬಜೆಟ್ ನೆನಪಿಸಿಕೊಳ್ಳಿ. ಇದೇ ಕೃಷಿ ಸೆಸ್ ಹುಟ್ಟಿದ್ದು ಆಗ. ಪೆಟ್ರೋಲಿಗೆ ಲೀಟರಿಗೆ ಎರಡೂವರೆ ರೂಪಾಯಿ, ಡೀಸೆಲಿಗೆ ನಾಲ್ಕು ರೂಪಾಯಿ. ಜನರಿಗೆ ಹೊರೆಯಾಗದಂತೆ ಬೇರೆ ಸುಂಕ ಇಳಿಸಿದ್ದೇವೆ ಎಂದಿರಿ. ಹಾಗೆ ಇಳಿದದ್ದರಲ್ಲಿ ರಾಜ್ಯಗಳಿಗೆ ಹಂಚುವ ಮೂಲ ಅಬಕಾರಿ ಸುಂಕವೂ ಇತ್ತು. ಪೆಟ್ರೋಲಿನ ಮೇಲೆ ಅದು 2 ರೂಪಾಯಿ 98 ಪೈಸೆಯಿಂದ 1 ರೂಪಾಯಿ 40 ಪೈಸೆಗೆ ಬಂತು, ಡೀಸೆಲಿನ ಮೇಲೆ 4 ರೂಪಾಯಿ 83 ಪೈಸೆಯಿಂದ 1 ರೂಪಾಯಿ 80 ಪೈಸೆಗೆ. ಬಂಕಿನಲ್ಲಿ ದರ ಅಷ್ಟೇ ಇತ್ತು. ಸ್ಕೂಟರಿಗೆ ಒಂದು ಲೀಟರ್ ಹಾಕಿಸುವವರಿಂದಲೂ ಕೋಟಿಯ ಕಾರು ತರಿಸುವವರಿಂದಲೂ ರಾಜ್ಯಕ್ಕೆ ಬರಬೇಕಾದದ್ದು ಒಂದೇ ದಾರಿಯಲ್ಲಿ ಕರಗಿತು.

ಇನ್ನು ಆ ಸೆಸ್‌ನ ಹೆಸರು. ಕೃಷಿ ನಮ್ಮ ಸಂವಿಧಾನದಲ್ಲಿ ರಾಜ್ಯದ ವಿಷಯ. ಕೆರೆ ಹೂಳೆತ್ತಬೇಕಾದವರು ರಾಜ್ಯದವರು. ಎಪಿಎಂಸಿ ಅಂಗಳ, ರೈತ ಸಂಪರ್ಕ ಕೇಂದ್ರ, ಹಳ್ಳಿಯಿಂದ ಮಾರುಕಟ್ಟೆಗೆ ಹೋಗುವ ರಸ್ತೆ, ಇವೆಲ್ಲ ಹೆಚ್ಚಾಗಿ ರಾಜ್ಯದ ಹಣದಲ್ಲೇ ಆಗಬೇಕು. ರೈತರ ಹೆಸರಿನಲ್ಲಿ ಎತ್ತಿದ ಹಣದಲ್ಲಿ, ರೈತರ ಕೆಲಸ ಮಾಡಬೇಕಾದ ಸರ್ಕಾರಕ್ಕೇ ಹಕ್ಕಿನ ಪಾಲಿಲ್ಲ ಅಂದರೆ ಕೋಲಾರದ ಟೊಮೆಟೊ ಬೆಳೆಗಾರರಿಗೆ ನಾವು ಏನು ಹೇಳಬೇಕು? ಯೋಜನೆಗಳ ಮೂಲಕ ಕೊಡುತ್ತೇವೆ ಎಂದು ನಿಮ್ಮ ಸಚಿವಾಲಯ ಹೇಳಬಹುದು. ಯೋಜನೆ ಅಂದರೆ ಷರತ್ತು ನಿಮ್ಮದು, ಸಮಯ ನಿಮ್ಮದು. ಪಾಲು ಅಂದರೆ ಹಕ್ಕು. ಎರಡೂ ಒಂದೇ ಅಲ್ಲ ಅಲ್ವಾ?

ಈಗ ಈ ಪತ್ರ ಬರೆಯಲು ತುರ್ತು ಏನು ಅಂದರೆ, ಇದೇ 110 ಈಗ ಕುಸಿಯಲಿದೆ. 2025ರ ಜುಲೈ 24ರಂದು ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. 2026ರ ಜನವರಿ 27ರಂದು ಐರೋಪ್ಯ ಒಕ್ಕೂಟದ ಜೊತೆಗಿನ ಮಾತುಕತೆ ಮುಗಿದದ್ದನ್ನು ನಿಮ್ಮ ಸರ್ಕಾರ ಘೋಷಿಸಿತು. ಎರಡರಲ್ಲೂ ಕಾರಿನ ಸುಂಕ, ಕೋಟಾದ ಮಿತಿಯೊಳಗೆ, ಹಂತಹಂತವಾಗಿ ಶೇ. 10ಕ್ಕೆ ಇಳಿಯುತ್ತದೆ. ಯುರೋಪಿಗೆ ಕೊಟ್ಟ ಕೋಟಾ ವರ್ಷಕ್ಕೆ ಎರಡೂವರೆ ಲಕ್ಷ ಕಾರು. ಈಗಿನ ನಮ್ಮ ಇಡೀ ಐಷಾರಾಮಿ ಕಾರು ಮಾರುಕಟ್ಟೆಯ ಐದು ಪಟ್ಟು ಅದು. ಅಂದರೆ ಇವತ್ತು ಸಣ್ಣದಾಗಿ ಕಾಣುವ ಲೆಕ್ಕ ನಾಳೆ ಸಣ್ಣದಾಗಿ ಉಳಿಯುವುದಿಲ್ಲ.

ಒಪ್ಪಂದಗಳನ್ನು ನಾನು ವಿರೋಧಿಸುತ್ತಿಲ್ಲ. ಬೆಂಗಳೂರು, ರಾಮನಗರ, ಮಂಡ್ಯದ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳ ಕೆಲಸಕ್ಕೆ ಯುರೋಪಿನ ಬಾಗಿಲು ಸುಂಕವಿಲ್ಲದೆ ತೆರೆದರೆ ಅದಕ್ಕಿಂತ ಒಳ್ಳೆಯದು ಏನಿದೆ? ನಾನು ಕೇಳುತ್ತಿರುವುದು ಇಳಿಸುವ ಕ್ರಮದ ಬಗ್ಗೆ. 110ರಲ್ಲಿ ಎಪ್ಪತ್ತು ಹಂಚುವ ಸುಂಕ, ನಲವತ್ತು ಹಂಚದ ಸೆಸ್. ಇಳಿಸುವಾಗ ಮೊದಲು ಸೆಸ್ ಇಳಿಸಿ. ನಲವತ್ತು ಪೂರ್ತಿ ಹೋದ ಮೇಲೆ ಮೂಲ ಸುಂಕಕ್ಕೆ ಕೈ ಹಾಕಿ. ಕೊನೆಗೆ ಉಳಿಯುವ ಹತ್ತು ಪೂರ್ತಿ ಮೂಲ ಸುಂಕವಾಗಿರಲಿ. ಯುರೋಪಿನ ಕಂಪನಿಗೆ ಇದರಿಂದ ಏನೂ ನಷ್ಟವಿಲ್ಲ, ಅವರಿಗೆ ಬೇಕಾದದ್ದು ಒಟ್ಟು ಮೊತ್ತ. ಗ್ರಾಹಕರಿಗೂ ನಷ್ಟವಿಲ್ಲ. ಒಪ್ಪಂದದ ಒಂದು ಪದವನ್ನೂ ಮುಟ್ಟಬೇಕಾಗಿಲ್ಲ. ಒಂದು ಅಧಿಸೂಚನೆ ಸಾಕು.

ಇಳಿಸುವ ಕ್ರಮದ ಇನ್ನೊಂದು ಮಾತು ಹೊಸಕೋಟೆಗೆ ಸಂಬಂಧಿಸಿದ್ದು. ಹೊಸಕೋಟೆ ಹತ್ತಿರದ ಕಾರ್ಖಾನೆಯಲ್ಲಿ 2017ರಿಂದ ವೋಲ್ವೋ ಕಾರುಗಳ ಜೋಡಣೆ ನಡೆಯುತ್ತಿದೆ. ಬಿಡದಿಯಲ್ಲಿ ಲೆಕ್ಸಸ್ ಇಎಸ್ ಜೋಡಿಸುತ್ತಾರೆ. ಪುಣೆ ಹತ್ತಿರದ ಚಾಕಣದಲ್ಲಿ ಮರ್ಸಿಡಿಸ್, ಚೆನ್ನೈ ಹತ್ತಿರ ಬಿಎಂಡಬ್ಲ್ಯು. ಪುಣೆಯಲ್ಲಿ 2024ರಿಂದ ರೇಂಜ್ ರೋವರ್ ಜೋಡಣೆ ಶುರುವಾಯಿತು, ಅದರ ಬೆಲೆಯೂ ಇಳಿಯಿತು. ಈ ಕಂಪನಿಗಳು ಇಲ್ಲಿಗೆ ಬಂದದ್ದು ನಮ್ಮ ಮೇಲಿನ ಪ್ರೀತಿಯಿಂದ ಅಲ್ಲ. ಪೂರ್ತಿ ಕಾರು ತಂದರೆ 110, ಎಂಜಿನ್ ಗೇರ್‌ಬಾಕ್ಸ್ ಬಿಡಿಬಿಡಿಯಾಗಿ ಕಿಟ್ ತಂದು ಇಲ್ಲಿ ಜೋಡಿಸಿದರೆ ಮೂಲ ಸುಂಕ ಬರೀ 15. ಆ ಅಂತರವೇ ಕಾರ್ಖಾನೆಗಳನ್ನು ಕಟ್ಟಿಸಿತು. ಐಟಿಐ ಮುಗಿಸಿದ ನಮ್ಮ ಹುಡುಗರಿಗೆ ಅಲ್ಲಿ ಕೆಲಸ ಸಿಕ್ಕಿತು.

ವೋಲ್ವೋ ಸ್ವೀಡನ್ನಿನ ಕಂಪನಿ, ಸ್ವೀಡನ್ ಐರೋಪ್ಯ ಒಕ್ಕೂಟದಲ್ಲಿದೆ. ಒಪ್ಪಂದದಲ್ಲಿ ಬಿಡಿಭಾಗಗಳ ಸುಂಕವೂ ಹಂತಹಂತವಾಗಿ ಹೋಗುತ್ತದೆ. ಪೂರ್ತಿ ಕಾರಿನದು ಬೇಗ ಇಳಿದು ಬಿಡಿಭಾಗದ್ದು ನಿಧಾನಕ್ಕೆ ಇಳಿದರೆ, ಅಲ್ಲಿಂದಲೇ ಕಾರು ತರಿಸುವುದು ಲಾಭವಾಗುವ ದಿನ ಬರುತ್ತದೆ. ಆಗ ಜೋಡಣೆ ಸಾಲು ಯಾಕೆ ನಡೆಸಬೇಕು ಎಂದು ಯಾವ ಕಂಪನಿಯಾದರೂ ಯೋಚಿಸುತ್ತದೆ. ಹಾಗಾಗಿ ಬಿಡಿಭಾಗ ಮೊದಲು, ಪೂರ್ತಿ ಕಾರು ಆಮೇಲೆ. ಒಪ್ಪಂದದಲ್ಲಿ ಬರೆದ ಗಡುವಿಗಿಂತ ಮೊದಲೇ ಬಿಡಿಭಾಗದ ಸುಂಕ ಇಳಿಸಲು ನಿಮ್ಮನ್ನು ಯಾರೂ ತಡೆಯುವುದಿಲ್ಲ.

ಜಿಎಸ್‌ಟಿ ಬಗ್ಗೆಯೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಶೇ. 40. ಮೊದಲು 28ರ ಮೇಲೆ ಪರಿಹಾರ ಸೆಸ್ ಸೇರಿ ದೊಡ್ಡ ಎಸ್‌ಯುವಿಗೆ 50 ಇತ್ತು. ಸಣ್ಣ ಕಾರಿಗೆ, ಸಾಮಾನ್ಯ ಸ್ಕೂಟರಿಗೆ 28ರಿಂದ 18ಕ್ಕೆ ಇಳಿಸಿದ್ದು ನಿಜಕ್ಕೂ ಒಳ್ಳೆಯ ಕೆಲಸ. ಹಬ್ಬದ ಹೊತ್ತಿಗೆ ನಮ್ಮಂಥ ಮನೆಗಳಿಗೆ ಅದು ಮುಟ್ಟಿತು. ಆದರೆ ಎಲೆಕ್ಟ್ರಿಕ್ ಕಾರಿಗೆ, ಬೆಲೆ ಎಷ್ಟೇ ಇರಲಿ, 5 ಅಂತ ಹಾಗೇ ಬಿಟ್ಟಿರಿ. ಚಾಕಣದಲ್ಲಿ ಜೋಡಿಸಿದ ಮರ್ಸಿಡಿಸ್ ಇಕ್ಯೂಎಸ್ 2022ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 1 ಕೋಟಿ 55 ಲಕ್ಷ. ಅದಕ್ಕೆ ಜಿಎಸ್‌ಟಿ ಶೇ. 5. ತರಕಾರಿ ವ್ಯಾಪಾರಿ ಕೊಳ್ಳುವ ಪೆಟ್ರೋಲ್ ಸ್ಕೂಟರಿಗೆ 18. ಎಲೆಕ್ಟ್ರಿಕ್ ವಾಹನಕ್ಕೆ ರಿಯಾಯಿತಿ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಹದಿನೈದು ಲಕ್ಷದ ಕಾರು ಕೊಳ್ಳುವವರು ಜಿಎಸ್‌ಟಿಯಲ್ಲಿರುವ ವ್ಯತ್ಯಾಸ ನೋಡಿ ಪೆಟ್ರೋಲ್ ಬಿಟ್ಟು ಬ್ಯಾಟರಿಗೆ ಬರುತ್ತಾರೆ. ಒಂದೂವರೆ ಕೋಟಿ ಕೊಡುವವರ ನಿರ್ಧಾರ ಆ ರಿಯಾಯಿತಿಯ ಮೇಲೆ ನಿಂತಿಲ್ಲ.

ಬೆಲೆಯ ಗೆರೆ ಎಳೆಯುವುದು ಕಷ್ಟ ಅನ್ನುವ ಮಾತನ್ನು ಒಪ್ಪಲಾರೆ. ಕರ್ನಾಟಕ 2024ರಲ್ಲೇ ಅದನ್ನು ಮಾಡಿ ತೋರಿಸಿತು. 25 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಎಲೆಕ್ಟ್ರಿಕ್ ಕಾರಿಗೆ ಶೇ. 10 ಜೀವಿತಾವಧಿ ತೆರಿಗೆ ಹಾಕಿತು. ನೀವೂ ಜಿಎಸ್‌ಟಿ ಮಂಡಳಿಯಲ್ಲಿ ಅಂಥದ್ದೇ ಒಂದು ಗೆರೆ ಎಳೆಯಬಹುದು. ಐವತ್ತು ಲಕ್ಷವೋ ಅರವತ್ತು ಲಕ್ಷವೋ, ಚರ್ಚೆ ಮಾಡಿ. ಜಿಎಸ್‌ಟಿಯಲ್ಲಿ ಅರ್ಧ ರಾಜ್ಯದ್ದು. ಆ ಅರ್ಧ ಈಗ ಬರೀ ಎರಡೂವರೆ.

ಒಂದು ಕಾರಿನಿಂದ ರಾಜ್ಯಕ್ಕೆ ಎಷ್ಟು ಬರಬಹುದು ಎಂದು ಬೆಂಗಳೂರಿನವರು ಕಣ್ಣಾರೆ ನೋಡಿದ್ದೇವೆ. 2025ರ ಜುಲೈನಲ್ಲಿ ಮಹಾರಾಷ್ಟ್ರದಲ್ಲಿ ನೋಂದಣಿಯಾಗಿ ಇಲ್ಲಿ ಓಡುತ್ತಿದ್ದ ಒಂದು ಫೆರಾರಿಯನ್ನು ಸಾರಿಗೆ ಇಲಾಖೆ ಪತ್ತೆ ಮಾಡಿತು. ತೆರಿಗೆ, ದಂಡ ಸೇರಿ ಕಟ್ಟಿಸಿಕೊಂಡದ್ದು 1 ಕೋಟಿ 41 ಲಕ್ಷ ರೂಪಾಯಿಗೂ ಹೆಚ್ಚು. ಒಂದೇ ಕಾರಿಗೆ! ಇಲ್ಲಿ ದುಬಾರಿ ಕಾರಿಗೆ ಶೇ. 18 ತೆರಿಗೆ, ಅದರ ಮೇಲೆ ಸೆಸ್. ಹಾಗಾಗಿ ಪುದುಚೇರಿಯಂಥ ಕಡೆ ನೋಂದಣಿ ಮಾಡಿಸಿ ಇಲ್ಲಿ ಓಡಿಸುವವರು ಬಹಳ. ವಾಹನ ತೆರಿಗೆ ರಾಜ್ಯದ ಅಧಿಕಾರ, ಅದು ಹಾಗೇ ಇರಬೇಕು. ಆದರೆ ಆ ತೆರಿಗೆಯ ತತ್ವಗಳು ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ವಿಷಯಗಳಲ್ಲಿ. ಒಂದು ಕೋಟಿ ದಾಟಿದ ಕಾರುಗಳಿಗೆ ಎಲ್ಲ ರಾಜ್ಯಗಳೂ ಒಪ್ಪುವ ಒಂದು ಕನಿಷ್ಠ ದರ ಇರಲಿ ಎಂಬ ಚರ್ಚೆಯನ್ನು ನೀವು, ಸಾರಿಗೆ ಸಚಿವರು ಸೇರಿ ಶುರು ಮಾಡಬಹುದು. ಈಗ ಒಂದು ರಾಜ್ಯ ದರ ಇಳಿಸಿದರೆ ಇನ್ನೊಂದರ ರಸ್ತೆಯಲ್ಲಿ ಕಾರು ಓಡುತ್ತದೆ.

ಮುಖ್ಯವಾಗಿ ನನಗೆ ಬೇಕಾಗಿರುವುದು ಮೊದಲು ಹೇಳಿದ್ದೇ. ದುಬಾರಿ ಕಾರಿನ ಆಮದು ಸುಂಕದಲ್ಲಿ ಸೆಸ್ ಭಾಗ ಮೊದಲು ಹೋಗಲಿ. 2025ರ ಫೆಬ್ರವರಿಯಿಂದ ಇಲ್ಲಿಯವರೆಗೆ ಈ ಕಾರುಗಳ ಮೇಲೆ ಕೃಷಿ ಸೆಸ್ ಎಷ್ಟು ಬಂತು, ಅದರಲ್ಲಿ ಕರ್ನಾಟಕದಲ್ಲಿ ಏನಕ್ಕೆ ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಸದನದ ಮುಂದೆ ಇಡಿ. ರಾಜ್ಯಸಭೆಯಲ್ಲಿ ನಿಮ್ಮ ಅವಧಿ 2028ರವರೆಗೆ ಇದೆ. ಯುರೋಪಿನ ಕಾರುಗಳ ಸುಂಕ ಇಳಿಸುವ ಅಧಿಸೂಚನೆ ನಿಮ್ಮ ಸಚಿವಾಲಯದಿಂದಲೇ ಬರಬೇಕು. ಅದರ ಕರಡು ನಿಮ್ಮ ಮೇಜಿಗೆ ಬಂದಾಗ ಎಪ್ಪತ್ತನ್ನು ಮುಟ್ಟುವ ಮೊದಲು ನಲವತ್ತನ್ನು ಹೊಡೆದುಹಾಕಿ ಎಂದು ನಿಮ್ಮ ಅಧಿಕಾರಿಗಳಿಗೆ ಹೇಳಿ.

ವಿಶ್ವಾಸದಿಂದ,
ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಬ್ಬ ಮತದಾರ